ಅಂಜುವ ಹಕ್ಕಿ, ಮಸುಕಾದ ಹಿನ್ನೆಲೆ: ಮಸೂರದ ಪಾಠಕ್ಕೊಂದು ದಾರಿ

ಹತ್ತನೇ ತರಗತಿಯ ಬೆಳಕಿನ ಘಟಕವನ್ನು ಬೋಧನಾಭ್ಯಾಸದಲ್ಲಿ ನಮ್ಮಲ್ಲಿ ಹೆಚ್ಚಿನವರು ಮೇಣದ ಬತ್ತಿ, ಪರದೆ, ಪೀನ ಮಸೂರಗಳಿಂದ ಆರಂಭಿಸುತ್ತೇವೆ. ವಿದ್ಯಾರ್ಥಿಗಳು ಸೂತ್ರ ಬರೆದು ಲೆಕ್ಕ ಬಿಡಿಸುತ್ತಾರೆ. ಈ ಸೂತ್ರ ಎಲ್ಲಿ ಬಳಕೆಗೆ ಬರುತ್ತದೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಹಕ್ಕಿಗಳ ಫೋಟೊ ತೆಗೆಯುವುದು ನನ್ನ ಹವ್ಯಾಸ. ಅಂಜುವ ಹಕ್ಕಿಯನ್ನು ಚೆಂದದ ಹಿನ್ನೆಲೆಯಲ್ಲಿ ಸೆರೆಹಿಡಿಯುವ ಕ್ರಮವನ್ನೇ ಈ ಘಟಕಕ್ಕೆ ಜೋಡಿಸಿ ಪಾಠ ಮಾಡಿದೆ. ಅದರ ವಿವರ ಇಲ್ಲಿದೆ.

ಹಿನ್ನೆಲೆ ಏಕೆ ಮುಖ್ಯ?

ಕೆರೆಯಂಚಿನ ಮಿಂಚುಳ್ಳಿಯನ್ನು ತೆಗೆದುಕೊಳ್ಳೋಣ. ಅದರ ಉದ್ದ ಸುಮಾರು 16 ಸೆಂ.ಮೀ. 400 ಮಿ.ಮೀ. ಸಂಗಮದೂರದ ಮಸೂರದಿಂದ 10 ಮೀಟರ್ ದೂರದಲ್ಲಿ ಅದು ಕುಳಿತಿದ್ದರೆ ಕ್ಯಾಮೆರಾದೊಳಗೆ ಮೂಡುವ ಪ್ರತಿಬಿಂಬದ ಉದ್ದ 7 ಮಿ.ಮೀ. ಕೂಡ ಇರುವುದಿಲ್ಲ. ಚಿತ್ರ ಮೂಡುವ ಫಲಕದ ಅಗಲ 36 ಮಿ.ಮೀ. ಎಂದರೆ ಚಿತ್ರದ ಬಹುಪಾಲು ಹಕ್ಕಿಯಲ್ಲ, ಹಿನ್ನೆಲೆ. 5 ಮೀಟರಿಗೆ ಹೋದರೆ ಪ್ರತಿಬಿಂಬ ಎರಡು ಪಟ್ಟಾಗುತ್ತದೆ, ನಿಜ. ಆದರೆ ಅಷ್ಟು ಹತ್ತಿರ ಹೋಗುವ ಮೊದಲೇ ಹಕ್ಕಿ ಹಾರಿರುತ್ತದೆ. ಆದ್ದರಿಂದ ಹಕ್ಕಿಯನ್ನು ಬೆನ್ನಟ್ಟುವುದಕ್ಕಿಂತ ಹಿನ್ನೆಲೆಯನ್ನು ಮೊದಲು ಆರಿಸಿಕೊಂಡು ಕಾಯುವುದು ಲೇಸು. ಮಿಂಚುಳ್ಳಿ ಮೀನು ಹಿಡಿಯಲು ಒಂದೇ ಕೊಂಬೆಗೆ ಮತ್ತೆ ಮತ್ತೆ ಬರುತ್ತದೆ. ಒಂದೆರಡು ದಿನ ದೂರದಿಂದ ಗಮನಿಸಿದರೆ ಆ ಕೊಂಬೆ ಯಾವುದೆಂದು ತಿಳಿಯುತ್ತದೆ.

ಎರಡು ಮೇಣದ ಬತ್ತಿಗಳ ಚಟುವಟಿಕೆ

ಹಿನ್ನೆಲೆ ಮಸುಕಾಗುವುದು ಹೇಗೆ? 10 ಸೆಂ.ಮೀ. ಸಂಗಮದೂರದ ಪೀನ ಮಸೂರದ ಮುಂದೆ 20 ಸೆಂ.ಮೀ. ದೂರದಲ್ಲಿ ಒಂದು ಬತ್ತಿ ಹಚ್ಚಿಡಿ. ಅದು ಹಕ್ಕಿ. ಮಸೂರದ ಆಚೆ 20 ಸೆಂ.ಮೀ. ದೂರದ ಪರದೆಯ ಮೇಲೆ ಸ್ಪಷ್ಟ ಪ್ರತಿಬಿಂಬ ಬೀಳುತ್ತದೆ. ಇನ್ನೊಂದು ಬತ್ತಿಯನ್ನು ತುಸು ಪಕ್ಕಕ್ಕೆ, 25 ಸೆಂ.ಮೀ. ದೂರದಲ್ಲಿಡಿ. ಅದು ಹಿನ್ನೆಲೆ. ಅದರ ಪ್ರತಿಬಿಂಬ ಸ್ವಲ್ಪ ಮಸುಕು. ಈಗ ಅದನ್ನು 60 ಸೆಂ.ಮೀ. ದೂರಕ್ಕೆ ಸರಿಸಿ. ಜ್ವಾಲೆ ಬರಿಯ ಬೆಳಕಿನ ಬೊಟ್ಟಾಗುತ್ತದೆ. ಸೂತ್ರದ ಪ್ರಕಾರ ಅದರ ಸ್ಪಷ್ಟ ಪ್ರತಿಬಿಂಬ ಮಸೂರದಿಂದ 12 ಸೆಂ.ಮೀ.ಗೇ ಮೂಡಬೇಕು; ಪರದೆ ಇರುವುದು 20 ಸೆಂ.ಮೀ. ದೂರದಲ್ಲಿ. ಹಿನ್ನೆಲೆ ಹಕ್ಕಿಯಿಂದ ದೂರವಾದಷ್ಟೂ ಮಸುಕು ಹೆಚ್ಚು ಎಂಬುದನ್ನು ಮಕ್ಕಳು ಲೆಕ್ಕದಿಂದಲೂ ಕಣ್ಣಿನಿಂದಲೂ ಕಂಡುಕೊಳ್ಳುತ್ತಾರೆ.

ಆಮೇಲೆ ನಡುವೆ ಸಣ್ಣ ರಂಧ್ರವಿರುವ ಕಪ್ಪು ಕಾಗದವನ್ನು ಮಸೂರದ ಮುಂದೆ ಹಿಡಿಯಿರಿ. ಮಸುಕು ಕಡಿಮೆಯಾಗುತ್ತದೆ, ಬೆಳಕೂ ತಗ್ಗುತ್ತದೆ. ಮಸೂರದ ಭಾಗ ಮುಚ್ಚಿದರೆ ಪ್ರತಿಬಿಂಬವೂ ತುಂಡಾಗುತ್ತದೆ ಎಂಬ ತಪ್ಪು ಕಲ್ಪನೆಯನ್ನು ತಿದ್ದಲು ಇದೇ ಸಂದರ್ಭ. ಹಿನ್ನೆಲೆ ಕರಗಬೇಕಾದಾಗ ಛಾಯಾಗ್ರಾಹಕರು ದ್ಯುತಿರಂಧ್ರವನ್ನು ದೊಡ್ಡದಾಗಿ ತೆರೆಯುವುದು ಇದಕ್ಕಾಗಿ.

ಕೆರೆಯ ದಡದಲ್ಲಿ

ಏರಿಯ ಮೇಲೆ ನಿಂತು ಕೆಳಗೆ ನೋಡಿದರೆ ಹಕ್ಕಿಯ ಹಿಂದೆಯೇ ನೀರು, ಕಸ, ಕೆಸರು. ಕ್ಯಾಮೆರಾವನ್ನು ನೀರಿನ ಮಟ್ಟದ ಹತ್ತಿರಕ್ಕೆ ಇಳಿಸಿದರೆ ದೃಷ್ಟಿ ಎದುರು ದಡದ ಮರಗಳಿಗೆ ಹೋಗುತ್ತದೆ. ಹಿನ್ನೆಲೆ ದೂರ ಸರಿದು ಹಸಿರಾಗಿ ಕರಗುತ್ತದೆ. ಅಂದರೆ 25 ಸೆಂ.ಮೀ. ಬತ್ತಿ 60ಕ್ಕೆ ಸರಿದಂತೆ. ಬೆಳಗಿನ ಎಳೆಬಿಸಿಲು ಹಕ್ಕಿಯ ಮೇಲಿದ್ದು ಎದುರು ದಡ ನೆರಳಿನಲ್ಲಿದ್ದರೆ ಬಣ್ಣ ಎದ್ದು ಕಾಣುತ್ತದೆ. ಮಂಕು ಬಣ್ಣದ ಬಟ್ಟೆ ತೊಟ್ಟು, ಪೊದೆಯ ಮರೆಯಲ್ಲಿ ಅಲುಗಾಡದೆ ಕೂರಬೇಕು.

ಎಷ್ಟು ಹತ್ತಿರ ಸಾಕು?

ಇದಕ್ಕೆ ಸೂತ್ರವಿಲ್ಲ; ಹಕ್ಕಿಯೇ ಹೇಳುತ್ತದೆ. ಗರಿ ತಿದ್ದುವುದನ್ನು ನಿಲ್ಲಿಸಿ ಕತ್ತು ನೀಳ ಮಾಡಿದರೆ, ಬಿಟ್ಟೂಬಿಡದೆ ಕೂಗಿದರೆ, ಕೊಕ್ಕಿನಲ್ಲಿ ಆಹಾರವಿದ್ದೂ ಗೂಡಿಗೆ ಹೋಗದಿದ್ದರೆ ನಾವು ಹಿಂದೆ ಸರಿಯಬೇಕು. ಅಲ್ಲಿ ಹಸಿದಿರುವುದು ಮರಿಗಳು.

ಪಾಠ ಮುಗಿದ ಮೇಲೆ ಒಬ್ಬ ಹುಡುಗ ಬಂದು, "ಮಿಸ್, ನಮ್ಮ ಬೇಲೀಲಿ ಪಿಕಳಾರದ ಗೂಡಿದೆ, ಮರಿ ಇದಾವೆ. ನಾನು ಎಲೆ ಬಗ್ಗಿಸಿ ಹಿಡ್ಕೋತೀನಿ, ನೀವು ಫೋಟೊ ತೆಗೀರಿ" ಎಂದ. ಕಲಿಕೋಪಕರಣಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. ಅವನ ಉತ್ಸಾಹಕ್ಕೆ ತಣ್ಣೀರೆರಚುವಂತೆಯೂ ಇರಲಿಲ್ಲ. ಮರುದಿನ ಅದನ್ನೇ ತರಗತಿಯ ಪ್ರಶ್ನೆಯಾಗಿಸಿದೆ: ಆ ಎಲೆ ಯಾರಿಗೆ ಅಡ್ಡ? "ನಮಗೆ" ಎಂದರು ಕೆಲವರು. "ಕಾಗೆಗೆ" ಎಂದ ಅದೇ ಹುಡುಗ. ಫೋಟೊ ತೆಗೆಯಲಿಲ್ಲ. ಬದಲಿಗೆ ಅವನು ಜಗಲಿಯಲ್ಲಿ ಕೂತು, ತಾಯಿ ಹಕ್ಕಿ ಅರ್ಧ ಗಂಟೆಯಲ್ಲಿ ಎಷ್ಟು ಸಲ ಆಹಾರ ತರುತ್ತದೆ ಎಂದು ಬರೆದು ತಂದ. ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ವ್ಯಾಖ್ಯೆಯಲ್ಲೇ ಸೇರಿಸಿದೆ ಎಂದು ಆಗ ತಿಳಿಸಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ದುಬಾರಿ ಕ್ಯಾಮೆರಾ ಬೇಕಿಲ್ಲ. ಮೊದಲ ಅವಧಿಗೆ ಬತ್ತಿಗಳ ಚಟುವಟಿಕೆ, ಎರಡನೆಯದಕ್ಕೆ ಶಾಲೆಯಂಗಳದ ವೀಕ್ಷಣೆ ಸಾಕು. ವೀಕ್ಷಣಾ ಹಾಳೆಯಲ್ಲಿ ಹಕ್ಕಿಯ ಹೆಸರು, ಸಮಯ, ಕುಳಿತ ಜಾಗ, ಹಿಂದಿದ್ದದ್ದು ಏನು, ಎಷ್ಟು ಹೆಜ್ಜೆ ದೂರದಲ್ಲಿ ಅದು ಕತ್ತೆತ್ತಿತು ಎಂಬ ಐದು ಅಂಕಣಗಳಿರಲಿ. ಕೊನೆಯ ಅಂಕಣ ತುಂಬಿದ ಕೂಡಲೇ ಮಕ್ಕಳು ಅಲ್ಲಿಗೇ ನಿಲ್ಲಬೇಕು ಎಂಬ ಸೂಚನೆಯನ್ನು ಹಾಳೆಯ ಮೇಲೆಯೇ ಬರೆದುಕೊಡಿ.