ಒಂದು ಗೇಣಿಗೂ ಕಡಿಮೆ

2021ರ ಜೂನ್ ತಿಂಗಳು, ರೋಮ್‌ನ ಈಜುಕೊಳ. ಬೆಂಗಳೂರಿನ ಇಪ್ಪತ್ತರ ಹರೆಯದ ಶ್ರೀಹರಿ ನಟರಾಜ್ ಬೆನ್ನ ಮೇಲೆ ಈಜಿ 100 ಮೀಟರ್ ಮುಗಿಸಿದರು. ಗಡಿಯಾರ ತೋರಿಸಿದ್ದು 53.77 ಸೆಕೆಂಡ್. ಟೋಕಿಯೊ ಒಲಿಂಪಿಕ್ಸ್‌ಗೆ ‘ಎ’ ದರ್ಜೆಯ ಅರ್ಹತೆ ಸಿಗಲು ಬೇಕಿದ್ದದ್ದು 53.85. ಮಿಕ್ಕಿದ್ದು ಸೆಕೆಂಡಿನ ನೂರರಲ್ಲಿ ಎಂಟು ಪಾಲು. ಆ ವೇಗದಲ್ಲಿ ಅಷ್ಟು ಹೊತ್ತಿಗೆ ಮೈ ಮುಂದೆ ಸಾಗುವುದು 15 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ! ಅವರಿಗಿಂತ ಮೊದಲು ಒಲಿಂಪಿಕ್ಸ್‌ನ ಈ ಗೆರೆ ದಾಟಿದ ಭಾರತದ ಈಜುಗಾರ ಒಬ್ಬರೇ, ಕೇರಳದ ಸಾಜನ್ ಪ್ರಕಾಶ್. ಅವರು ದಾಟಿದ್ದೂ ರೋಮ್‌ನ ಅದೇ ಕೂಟದಲ್ಲಿ.

53.77 ಸೆಕೆಂಡ್ ಎಂದರೆ ಗಂಟೆಗೆ ಸುಮಾರು 6.7 ಕಿಲೋಮೀಟರ್. ಬಸ್ ತಪ್ಪೀತೆಂದು ದಾಪುಗಾಲು ಹಾಕುವವನೂ ಹೆಚ್ಚುಕಡಿಮೆ ಇಷ್ಟೇ ವೇಗ ನಡೆದಾನು. ಆದರೆ ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಬೆನ್ನೀಜಿನಲ್ಲಿ ಮುಂದಿನ ಗೋಡೆಯೂ ಕಾಣುವುದಿಲ್ಲ. ಗೋಡೆಗೆ 5 ಮೀಟರ್ ಇರುವಾಗ ತಲೆಯ ಮೇಲೆ ಸಾಲು ಬಾವುಟ ಹಾಯುತ್ತವೆ. ಅಲ್ಲಿಂದ ಕೈಬೀಸು ಎಣಿಸಿಕೊಂಡೇ ಗೋಡೆ ಮುಟ್ಟಬೇಕು.

ಟೋಕಿಯೊದಲ್ಲಿ ಶ್ರೀಹರಿಯ ವೇಳೆ 54.31, ಸ್ಥಾನ 27. ಮರುವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ನಲ್ಲೂ ಅದೇ 54.31, ನೂರರ ಒಂದು ಪಾಲೂ ಆಚೀಚೆಯಿಲ್ಲ. ಅಲ್ಲಿ ಏಳನೇ ಸ್ಥಾನ. ಇಟಲಿಯ ಥಾಮಸ್ ಚೆಕ್ಕೋನ್ 2022ರಲ್ಲಿ ಬರೆದ ವಿಶ್ವದಾಖಲೆ 51.60. ಅವರು ಗೋಡೆ ಮುಟ್ಟುವ ಹೊತ್ತಿಗೆ 53.77ರ ಈಜುಗಾರ ಇನ್ನೂ 4 ಮೀಟರ್ ಹಿಂದಿರುತ್ತಾನೆ. ಒಲಿಂಪಿಕ್ಸ್ ಅರ್ಹತೆಗೂ ಜಗತ್ತಿನ ತುದಿಗೂ ಇರುವ ಅಂತರ ಹದಿಮೂರು ಅಡಿ.

ದೇಶದೊಳಗಿನ ಲೆಕ್ಕವೇ ಬೇರೆ. 2025ರ ಉತ್ತರಾಖಂಡ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಶ್ರೀಹರಿಗೆ 9 ಚಿನ್ನ. ಹದಿನಾಲ್ಕರ ಧಿನಿಧಿ ದೇಸಿಂಗುವಿಗೂ 9 ಚಿನ್ನ. 1999ರಲ್ಲಿ ನಿಶಾ ಮಿಲೆಟ್ ಒಂದೇ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಗೆದ್ದದ್ದು 14.

ಈ ಮೂವರು ಕನ್ನಡನಾಡಿನ ಈಜುಗಾರರೂ ಪಳಗಿದ್ದು ಬೆಂಗಳೂರಿನ ಕೊಳಗಳಲ್ಲಿ. ಒಲಿಂಪಿಕ್ಸ್ ಅಳತೆಯ ಕೊಳ 50 ಮೀಟರ್ ಉದ್ದ, 25 ಮೀಟರ್ ಅಗಲ. ಜಾಗ ಹನ್ನೆರಡು ಗುಂಟೆ ಚಿಲ್ಲರೆ, 2 ಮೀಟರ್ ಆಳ ತುಂಬಿದರೆ ನೀರು 25 ಲಕ್ಷ ಲೀಟರ್. ತಲೆಗೆ ದಿನಕ್ಕೆ 55 ಲೀಟರಿನ ಸರ್ಕಾರಿ ಲೆಕ್ಕದಲ್ಲಿ ಐದು ಸಾವಿರ ಜನರ ಊರಿಗೆ ಒಂಬತ್ತು ದಿನ ಸಾಕಾಗುವಷ್ಟು. ಕುಡಿಯುವುದಕ್ಕೇ ಮಹದಾಯಿ ನದಿಯ ನೀರು ಬೇಕೆಂದು ಬೀದಿಗಿಳಿದ ನವಲಗುಂದದ ಕಡೆ ಈ ಲೆಕ್ಕ ಕೇಳಿದರೆ ಯಾರಾದರೂ ಹೌಹಾರಿಯಾರು.

ಆದರೆ ಅದೇ ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ನೂರಡಿ ಉದ್ದ, ನೂರಡಿ ಅಗಲ, ಹನ್ನೆರಡು ಅಡಿ ಆಳದ ಕೃಷಿಹೊಂಡಗಳಿವೆ. ಇಳಿಜಾರು ದಂಡೆಯನ್ನು ಕಳೆದು ಲೆಕ್ಕ ಹಾಕಿದರೂ ತುಂಬಿದ ಒಂದು ಹೊಂಡದ ನೀರು ಸುಮಾರು 26 ಲಕ್ಷ ಲೀಟರ್. ಒಲಿಂಪಿಕ್ಸ್ ಕೊಳದಷ್ಟು ನೀರು ಒಬ್ಬ ರೈತನ ಕಡಲೆ ಹೊಲದಲ್ಲಿ ನಿಂತಿರುತ್ತದೆ! ಅದು ಬೆಳೆಗೆಂದು ಹಿಡಿದ ನೀರು, ಈಸುವ ಜಾಗವಲ್ಲ. ನೆನೆದ ಎರೆಮಣ್ಣಿನ ದಂಡೆ ಜಾರಿದರೆ ಹಿಡಿಯಲು ಏನೂ ಸಿಗದು.

2022ರಲ್ಲಿ ದೇಶದಲ್ಲಿ ನೀರಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು, ದಿನಕ್ಕೆ ನೂರಕ್ಕೂ ಮಿಕ್ಕಿ. ಪದಕದ ಮಾತು ಆಮೇಲೆ. ಹೊಂಡ ತೋಡಿಸಿದವರು ಸುತ್ತ ಬೇಲಿ ಹಾಕಿಸಿ, ಒಳಗೊಂದು ಹಗ್ಗ ಇಳಿಬಿಡಿ. ಬೇಸಿಗೆ ರಜೆಯಲ್ಲಿ ಈಸು ಬಲ್ಲ ಹಿರಿಯರು ಜೊತೆಗಿದ್ದು, ಬೆನ್ನಿಗೆ ಡಬ್ಬಿ ಕಟ್ಟಿ, ಮೆಟ್ಟಿಲಿರುವ ಬಾವಿಯಲ್ಲಿ ಮಕ್ಕಳಿಗೆ ಈಸು ಕಲಿಸಿ, ಹುಡುಗಿಯರಿಗೂ ಕಲಿಸಿ.