ಗಾಬರಿ ಕಾಯಿಲೆಗೆ ವ್ಯಾಯಾಮದ ನೆರವು

ಭಯವು ಪ್ರಕೃತಿ ಜೀವಿಗಳಿಗಿತ್ತ ರಕ್ಷಾಕವಚ. ಹಾವನ್ನು ಕಂಡೊಡನೆ ಎದೆ ಡವಗುಟ್ಟುವುದು, ಉಸಿರು ಬಿರುಸಾಗುವುದು ನಮ್ಮನ್ನು ಉಳಿಸುವುದಕ್ಕಾಗಿಯೇ. ಆದರೆ ಹಾವಿಲ್ಲದೆಡೆಯಲ್ಲಿಯೂ ಇವೇ ಲಕ್ಷಣಗಳು ಹಠಾತ್ತನೆ ತಲೆದೋರಿ, ಕೆಲವೇ ನಿಮಿಷಗಳಲ್ಲಿ ತುತ್ತತುದಿಗೇರಿ, ಪ್ರಾಣವೇ ಹೋಗುತ್ತಿದೆ ಎನ್ನಿಸುವುದುಂಟು. ಇದು ಮರುಕಳಿಸುತ್ತ, ಮತ್ತೆ ಬಂದೀತೆಂಬ ಅಂಜಿಕೆಯಿಂದ ವ್ಯಕ್ತಿಯು ಬಸ್ಸು, ಸಂತೆ, ಜನಸಂದಣಿಗಳಿಂದ ದೂರ ಸರಿಯತೊಡಗಿದರೆ ವೈದ್ಯರು ಅದನ್ನು ‘ಪ್ಯಾನಿಕ್ ಡಿಸಾರ್ಡರ್’, ಅಂದರೆ ಗಾಬರಿ ಕಾಯಿಲೆ ಎನ್ನುತ್ತಾರೆ.

ಇದನ್ನು ಹೃದ್ರೋಗವೆಂದೇ ನಂಬಿದ ರೋಗಿಯು ಮೆಟ್ಟಿಲು ಹತ್ತುವುದಕ್ಕೂ ಹೆದರುತ್ತಾನೆ. ಪರಿಣಾಮವಾಗಿ ದೇಹವು ಶ್ರಮಕ್ಕೆ ಒಗ್ಗದಾಗಿ, ಅಲ್ಪ ದುಡಿಮೆಗೂ ಎದೆ ಹೊಡೆದುಕೊಳ್ಳುತ್ತದೆ. ಆ ಬಡಿತವೇ ಹೊಸ ಗಾಬರಿಗೆ ಬೀಜವಾಗುತ್ತದೆ.

ಈ ವಿಷವರ್ತುಲವನ್ನು ಮುರಿಯಲು ಬಿರುಸು ನಡಿಗೆ, ಓಟ, ಸೈಕಲ್ ಸವಾರಿ, ಈಜು ಮೊದಲಾದ ಏರೋಬಿಕ್ ವ್ಯಾಯಾಮಗಳು ನೆರವಾಗುತ್ತವೆ. ವ್ಯಾಯಾಮದಲ್ಲಿಯೂ ಎದೆ ಬಡಿಯುತ್ತದೆ, ಬೆವರೊಡೆಯುತ್ತದೆ, ಏದುಸಿರು ಬರುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ತಾನಾಗಿ ತಣಿಯುತ್ತದೆ. ಇದನ್ನು ದಿನದಿನವೂ ಅನುಭವಿಸಿದ ಮನಸ್ಸು, ಎದೆಬಡಿತವೆಂದರೆ ಮರಣವಲ್ಲ ಎಂಬ ಪಾಠವನ್ನು ಕ್ರಮೇಣ ಕಲಿಯುತ್ತದೆ.

ಜರ್ಮನಿಯಲ್ಲಿ 46 ರೋಗಿಗಳ ಮೇಲೆ 10 ವಾರಗಳ ಕಾಲ ನಡೆದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಓಟದ ಅಭ್ಯಾಸ ಮಾಡಿದವರು ಔಷಧಾಂಶವಿಲ್ಲದ ಹುಸಿಗುಳಿಗೆ ಸೇವಿಸಿದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಆದರೆ ಕ್ಲೋಮಿಪ್ರಮಿನ್ ಎಂಬ ಔಷಧವು ಓಟಕ್ಕಿಂತಲೂ ಬೇಗನೆ, ಹೆಚ್ಚಿನ ಗುಣವನ್ನು ತೋರಿತು. ಆದಕಾರಣ ನಡಿಗೆಯನ್ನು ನಂಬಿ ಔಷಧವನ್ನು ತಾನಾಗಿ ನಿಲ್ಲಿಸುವುದು ಸಲ್ಲದು.

ಮೊದಲು ವೈದ್ಯರಿಂದ ಹೃದಯ, ರಕ್ತದೊತ್ತಡ, ಥೈರಾಯ್ಡ್‌ಗಳ ತಪಾಸಣೆ ಅಗತ್ಯ. ಬಳಿಕ ಶಿರೂರಿನ ನಿವಾಸಿಗಳು ಅಹಿಲ್ಯಾನಗರ ಹೆದ್ದಾರಿಯ ವಾಹನಗಳ ಗದ್ದಲದಿಂದ ದೂರವಾದ ಸಮತಟ್ಟು ಹಾದಿಯಲ್ಲಿ 10 ನಿಮಿಷದ ನಡಿಗೆಯಿಂದ ಆರಂಭಿಸಬಹುದು. ರಾಂಜಣಗಾವಿನ ಕಾರ್ಖಾನೆಗಳಲ್ಲಿ ರಾತ್ರಿಪಾಳಿ ಮಾಡುವವರು ನಿದ್ದೆ ಪೂರೈಸಿ ಸಂಜೆ ನಡೆಯುವುದು ಲೇಸು. ವಾರವಾರವೂ ತುಸು ಹೆಚ್ಚಿಸುತ್ತ, ವಾರಕ್ಕೆ 5 ದಿನ, 30 ನಿಮಿಷಗಳನ್ನು ತಲುಪಬೇಕು. ನಡೆಯುತ್ತ ಮಾತನಾಡಲು ಸಾಧ್ಯವಾಗಿ, ಹಾಡಲು ಆಗದಿದ್ದರೆ ವೇಗ ಸರಿಯಿದೆಯೆಂದು ತಿಳಿಯಬೇಕು. ಮೊದಲ ದಿನಗಳಲ್ಲಿ ಗಾಬರಿ ಇಣುಕಿದರೆ ವೇಗ ತಗ್ಗಿಸಬೇಕು, ಅಭ್ಯಾಸವನ್ನು ಬಿಡಬಾರದು. ಕೆಲವರಿಗೆ ಅತಿಯಾದ ಕಾಫಿ, ಚಹಾಗಳೂ ಗಾಬರಿಯನ್ನು ಕೆರಳಿಸುತ್ತವೆ. ಎದೆನೋವು ತೋಳಿಗೋ ದವಡೆಗೋ ಹಬ್ಬಿದರೆ, ಇಲ್ಲವೆ ಪ್ರಜ್ಞೆ ತಪ್ಪಿದರೆ, ಗಾಬರಿಯೆಂದು ಊಹಿಸಿ ಕೂರದೆ ಕೂಡಲೆ ಆಸ್ಪತ್ರೆಗೆ ಧಾವಿಸಬೇಕು.

ಬಂಧುಬಳಗವನ್ನು ಊರಿನಲ್ಲಿ ಬಿಟ್ಟು ಬಂದವರು ಇಂಥ ನೋವನ್ನು ಒಳಗೇ ನುಂಗುವುದು ಹೆಚ್ಚು. ನೆರೆಮನೆಯವರೊಬ್ಬರು ಜೊತೆಗೆ ಹೆಜ್ಜೆ ಹಾಕಿದರೂ ಅದು ದೊಡ್ಡ ಉಪಕಾರ. 2022ರಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಲಭ್ಯವಿದೆ. ಮೈನೋವಿಗೆ ಮದ್ದು ಕೇಳುವಷ್ಟೇ ಸಹಜವಾಗಿ ಮನದ ಗಾಬರಿಗೂ ನೆರವು ಕೇಳುವುದು ವಿವೇಕವಂತರ ಲಕ್ಷಣ.