ರಾಜ್ಯದ ಪಟ್ಟ: ಲಾಭವೇನು, ಹೊರೆಯೇನು?

ಕೇಂದ್ರಾಡಳಿತ ಪ್ರದೇಶವೊಂದು ರಾಜ್ಯವಾದರೆ ಬದಲಾಗುವುದೇನು? ನೆರೆಯ ಗೋವೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1961ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಹೊಂದಿದ ಗೋವೆ, ದಮನ್ ಮತ್ತು ದೀವ್‌ಗಳೊಡನೆ ಕೇಂದ್ರಾಡಳಿತ ಪ್ರದೇಶವಾಯಿತು. ಮುಂದೆ ವಿಧಾನಸಭೆಯೂ ಮಂತ್ರಿಮಂಡಲವೂ ಬಂದವು. ಆದರೆ ಮಂತ್ರಿಗಳಿಗೂ ಲೆಫ್ಟಿನೆಂಟ್ ಗವರ್ನರರಿಗೂ ಭಿನ್ನಾಭಿಪ್ರಾಯ ಬಂದರೆ ಅಂತಿಮ ತೀರ್ಮಾನ ರಾಷ್ಟ್ರಪತಿಯವರದು, ಅಂದರೆ ಕೇಂದ್ರ ಸರ್ಕಾರದ್ದು. ಪೊಲೀಸ್, ಭೂಮಿಯಂಥ ರಾಜ್ಯಪಟ್ಟಿಯ ವಿಷಯಗಳಲ್ಲೂ ಸಂಸತ್ತೇ ಕಾನೂನು ಮಾಡಬಹುದಿತ್ತು.

1987ರ ಮೇ 30ರಂದು ಗೋವೆ ದೇಶದ 25ನೆಯ ರಾಜ್ಯವಾಯಿತು. ದಮನ್ ಮತ್ತು ದೀವ್ ಕೇಂದ್ರಾಡಳಿತದಲ್ಲೇ ಉಳಿದವು. ಈಗ ರಾಜ್ಯಪಟ್ಟಿಯ ವಿಷಯಗಳಲ್ಲಿ ಸಾಮಾನ್ಯವಾಗಿ ವಿಧಾನಸಭೆಯದೇ ಮಾತು. ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ತೆರಿಗೆಗಳಲ್ಲಿ ಪಾಲು ಹಕ್ಕಾಗಿ ಬರುತ್ತದೆ.

ಹೊರೆಯೂ ಉಂಟು. ಹಿಂದೆ ಬಜೆಟ್ಟಿಗೆ ಕೇಂದ್ರದ ಅನುದಾನದ ಆಸರೆ ಇತ್ತು. ರಾಜ್ಯವಾದ ಮೇಲೆ ಸಂಬಳ, ಪಿಂಚಣಿ, ಸಾಲದ ಬಡ್ಡಿ ಎಲ್ಲವನ್ನೂ ತನ್ನ ಬೊಕ್ಕಸದಿಂದಲೇ ತೂಗಿಸಬೇಕು. ತೆರಿಗೆ ಹಂಚಿಕೆಯಲ್ಲಿ ಜನಸಂಖ್ಯೆಯೂ ಒಂದು ಮಾನದಂಡ. ಪುಟ್ಟ ರಾಜ್ಯಕ್ಕೆ ಪಾಲೂ ಪುಟ್ಟದೇ.

ಪಟ್ಟ ಶಾಶ್ವತವೂ ಅಲ್ಲ. ರಾಜ್ಯವಾಗಿದ್ದ ಜಮ್ಮು ಮತ್ತು ಕಾಶ್ಮೀರವನ್ನು 2019ರಲ್ಲಿ ಸಂಸತ್ತು ಎರಡು ಕೇಂದ್ರಾಡಳಿತ ಪ್ರದೇಶಗಳಾಗಿ ವಿಂಗಡಿಸಿತು.

ಇದು ಮಗ ಬೇರೆ ಮನೆ ಹೂಡಿದಂತೆ. ಬೀಗದ ಕೈ ಸಿಗುತ್ತದೆ, ದಿನಸಿಯ ಲೆಕ್ಕವೂ ಜೊತೆಗೇ ಬರುತ್ತದೆ. ಪುದುಚೇರಿ ರಾಜ್ಯವಾಗಬೇಕೆ ಎಂಬ ಚರ್ಚಾಸ್ಪರ್ಧೆಯಲ್ಲಿ ನೀವು ಯಾವ ಪಕ್ಷ ವಹಿಸಿದರೂ ಈ ಎರಡನ್ನೂ ತೂಗಿ ಮಾತನಾಡಿರಿ.